ಮನೆಯ ಬರ್ಗರ್: ಜಿಡ್ಡು ಇಳಿಸಿ ರಸ ಉಳಿಸುವ ಬಗೆ

ಕಳೆದ ಚಳಿಗಾಲದಲ್ಲಿ ತಾಯಿಯೊಬ್ಬರು ಹತ್ತನೆಯ ತರಗತಿಯ ತಮ್ಮ ಮಗನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಬಾಲಕನ ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೆಂದು ಸ್ಕ್ಯಾನ್ ವರದಿ ಹೇಳುತ್ತಿತ್ತು. ವಿಚಾರಿಸಿದಾಗ, ವಾರದಲ್ಲಿ ನಾಲ್ಕು ಸಂಜೆ ಟ್ಯೂಷನ್ ಮುಗಿಸಿ ಬರುವ ದಾರಿಯಲ್ಲಿ ಬರ್ಗರ್ ತಿನ್ನುವ ರೂಢಿ ತಿಳಿದುಬಂದಿತು. "ಎಣ್ಣೆಯನ್ನು ಪೂರ್ತಿ ಬಿಟ್ಟು ಮನೆಯಲ್ಲಿಯೇ ಮಾಡಿಕೊಡಿರಿ" ಎಂದು ಹೇಳಿ ಕಳುಹಿಸಿದೆ. ಹದಿನೈದು ದಿನಗಳ ಬಳಿಕ ಆ ತಾಯಿ ಬಂದು, "ಒಂದು ಹನಿ ಎಣ್ಣಿ ಹಾಕಿಲ್ರಿ ಸಾಹೇಬ್ರ. ಒಂದು ತುತ್ತು ತಿಂದು, ಗಂಟಲಾಗ ಇಳಿಯಂಗಿಲ್ಲಂತ ತಾಟು ಸರಿಸಿದ. ಮತ್ತ ಅಂಗಡಿಗೇ ಹೊಂಟಾನ್ರಿ" ಎಂದರು. ತಪ್ಪು ಬಾಲಕನದಾಗಿರಲಿಲ್ಲ, ಸಲಹೆ ಕೊಟ್ಟ ನನ್ನದಾಗಿತ್ತು.

ಆಹಾರವು ಬಿಸಿಯಾಗಿಯೂ ಸ್ನಿಗ್ಧವಾಗಿಯೂ ಇರಬೇಕೆಂದು ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯ ವಿಧಿಸುತ್ತದೆ. ಸ್ನಿಗ್ಧವೆಂದರೆ ಎಣ್ಣೆ ಸುರಿಯುವುದೆಂದಲ್ಲ. ಆಹಾರವು ಮೃದುವಾಗಿ, ಒಳಗೆ ತೇವವುಳ್ಳದ್ದಾಗಿ, ಸಲೀಸಾಗಿ ಗಂಟಲಿಗಿಳಿಯುವಂತಿರಬೇಕು. ನಾನು ಜಿಡ್ಡನ್ನು ತೆಗೆಸಿದೆನೇ ಹೊರತು ಅದರ ಸ್ಥಾನದಲ್ಲಿ ತೇವವನ್ನು ಇರಿಸಲಿಲ್ಲ. ಉಳಿದದ್ದು ರೂಕ್ಷವಾದ ಬಿಲ್ಲೆ ಮಾತ್ರ.

ಅಂಗಡಿಯ ಬಿಲ್ಲೆ ಏಕೆ ರಸವತ್ತಾಗಿ ತೋರುತ್ತದೆ? ಕುದಿಯುವ ಎಣ್ಣೆಯಲ್ಲಿ ಬಿಟ್ಟೊಡನೆ ಪದಾರ್ಥದ ನೀರು ಆವಿಯಾಗಿ ಹೊರಬರುತ್ತದೆ. ತೆರವಾದ ಸಣ್ಣ ರಂಧ್ರಗಳಿಗೆ ಎಣ್ಣೆ ಸೇರುತ್ತದೆ. ಬಾಣಲೆಯಿಂದ ತೆಗೆದು ಆರಲು ಇಟ್ಟಾಗ, ಮೈಗೆ ಹತ್ತಿದ ಎಣ್ಣೆಯ ಬಹುಪಾಲು ಒಳಕ್ಕೆ ಇಳಿಯುತ್ತದೆ. ನಾವು ರಸವೆಂದು ಚಪ್ಪರಿಸುವುದು ಈ ಎಣ್ಣೆಯನ್ನೇ. ಅದರ ಮೇಲೆ ಮಯೋನೀಸ್ ಬೇರೆ. ಅದರ ಬಹುಭಾಗವೂ ಎಣ್ಣೆಯೇ. ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ಬಂದರೆ, ಒಂದು ಗ್ರಾಂ ಪಿಷ್ಟದಿಂದಾಗಲಿ ಪ್ರೋಟೀನಿನಿಂದಾಗಲಿ ಬರುವುದು 4 ಮಾತ್ರ.

ನೀರನ್ನು ಹೊರಬಿಡದೆ ಬೇಯಿಸುವ ವಿದ್ಯೆ ನಮ್ಮ ಅಡುಗೆಮನೆಗೆ ಹೊಸದಲ್ಲ. ನುಚ್ಚಿನುಂಡೆಯನ್ನು ನೆನಪಿಸಿಕೊಳ್ಳಿರಿ: ನೆನೆಸಿದ ಬೇಳೆ, ಸೊಪ್ಪು, ಹಬೆ. ಸುತ್ತಲೂ ಹಬೆಯೇ ತುಂಬಿರುವಾಗ ಒಳಗಿನ ನೀರು ಒಣಗುವ ಪ್ರಶ್ನೆಯೇ ಇಲ್ಲ. ಬರ್ಗರಿನ ಬಿಲ್ಲೆಯನ್ನೂ ಮೊದಲು ಹಬೆಯಲ್ಲಿ ಬೇಯಿಸಿ, ಬಳಿಕ ಹಂಚಿನ ಮೇಲೆ ಬಣ್ಣ ಬರಿಸಿದರೆ ಸಾಕು.

ಎಂಟು ಬಿಲ್ಲೆಗಳಿಗೆ ಒಂದು ಬಟ್ಟಲು, ಅಂದರೆ ಸುಮಾರು 200 ಗ್ರಾಂ ಹೆಸರುಕಾಳನ್ನು ಆರು ತಾಸು ನೆನೆಸಿರಿ. ದ್ವಿದಳ ಧಾನ್ಯಗಳಲ್ಲಿ ಹೆಸರೇ ಶ್ರೇಷ್ಠವೆಂದು ಚರಕರು ಎಣಿಸಿದ್ದಾರೆ. ಅದು ಲಘುವೂ ಹೌದು. ನೀರು ಬಸಿದು, ಹಸಿ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗಿನೊಡನೆ ತರಿತರಿಯಾಗಿ ರುಬ್ಬಿರಿ. ನುಣ್ಣಗಾದರೆ ಬಿಲ್ಲೆ ಅಂಟಂಟಾಗುತ್ತದೆ.

ರಸದ ಗುಟ್ಟು ಇರುವುದು ಸೋರೆಕಾಯಿಯಲ್ಲಿ. ಅದರ ತೂಕದ ಬಹುಪಾಲು ನೀರೇ. ಆದರೆ ತುರಿಯುವ ಮುನ್ನ ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ನೋಡುವುದನ್ನು ಮರೆಯಬೇಡಿರಿ. ಕಹಿಯಿದ್ದರೆ ಇಡೀ ಕಾಯಿಯನ್ನೇ ಎಸೆಯಬೇಕು. ಕಹಿ ಸೋರೆಯು ವಾಂತಿ, ರಕ್ತಭೇದಿಗಳನ್ನು ತಂದು ಪ್ರಾಣಕ್ಕೇ ಸಂಚಕಾರವಾಗಬಲ್ಲದು. ಕಹಿ ಸೋರೆಯ ರಸ ಔಷಧವೆಂದು ಕುಡಿಯುವವರನ್ನು ಕಂಡಿದ್ದೇನೆ, ಅದು ಶುದ್ಧ ಅವಿವೇಕ.

ಒಂದು ಬಟ್ಟಲು ತುರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಹಿಂಡಿರಿ. ಅನೇಕರು ಈ ನೀರನ್ನು ಚೆಲ್ಲುತ್ತಾರೆ. ಚೆಲ್ಲಬಾರದು. ಅರ್ಧ ಬಟ್ಟಲು ಗಟ್ಟಿ ಅವಲಕ್ಕಿಯನ್ನು ತೊಳೆದು ಈ ನೀರಿನಲ್ಲಿಯೇ ನೆನೆಸಿರಿ. ಅವಲಕ್ಕಿಯು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಬೇಯುವಾಗ ಬಿಡುವುದಿಲ್ಲ. ಎರಡು ಚಮಚ ಹುರಿದ ಅಗಸೆಯ ಪುಡಿಯನ್ನು ಸೇರಿಸಿದರೆ ಅದರ ಲೋಳೆಯು ಎಲ್ಲವನ್ನೂ ಬಂಧಿಸುತ್ತದೆ. ಅಗಸೆ ಚಟ್ನಿಪುಡಿ ನಮ್ಮ ಭಾಗದ ಮನೆಮನೆಯಲ್ಲೂ ಇರುವುದರಿಂದ ಬೇರೆ ಹುಡುಕಬೇಕಾಗಿಲ್ಲ; ಅದರಲ್ಲಿ ಉಪ್ಪು ಖಾರ ಇರುವುದನ್ನಷ್ಟೇ ಲಕ್ಷ್ಯದಲ್ಲಿಡಬೇಕು. ಸಬ್ಬಸಿಗೆ ಸೊಪ್ಪನ್ನು ಹೆಚ್ಚಿ ಹಾಕಿ, ಎಲ್ಲವನ್ನೂ ಕಲಸಿ ಕಾಲು ತಾಸು ಮುಚ್ಚಿಡಿರಿ. ಕಲಸಿದ್ದು ಸಡಿಲವೆನಿಸಿದರೆ ಇನ್ನೊಂದು ಹಿಡಿ ಅವಲಕ್ಕಿ.

ಬಿಲ್ಲೆಯು ಹೆಬ್ಬೆರಳಿನಷ್ಟು ದಪ್ಪವಿರಲಿ, ತೆಳುವಾದದ್ದು ಬೇಗ ಒಣಗುತ್ತದೆ. ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಹಬೆ ಕೊಟ್ಟು, ಮುಚ್ಚಿಟ್ಟೇ ಆರಿಸಿರಿ. ಕಾದ ಹಂಚಿನ ಮೇಲೆ ಬಿಲ್ಲೆಗೆ ಅರ್ಧ ಚಮಚದಂತೆ ಎಣ್ಣೆ ಸವರಿ, ಒಂದೊಂದು ಮಗ್ಗುಲಿಗೆ ಎರಡು ನಿಮಿಷ ಸಾಕು. ಈ ಅರ್ಧ ಚಮಚದಿಂದ ಬರುವುದು ಸುಮಾರು 20 ಕ್ಯಾಲೊರಿ. ಸೌಟಿನಿಂದ ಒತ್ತುವ ಚಪಲ ಬೇಡ. ಒತ್ತಿದಷ್ಟೂ ರಸ ಹಂಚಿನ ಪಾಲು.

ಬನ್ನಿನ ವಿಷಯ. "ಗೋಧಿ ಬನ್" ಎಂದು ಮೇಲೆ ಬರೆದಿದ್ದರೂ ಪೊಟ್ಟಣದ ಹಿಂಬದಿ ಓದಿರಿ. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸುವುದು ನಿಯಮ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬನ್ನೇ. ಕತ್ತರಿಸಿದ ಮಗ್ಗುಲನ್ನು ಒಣಹಂಚಿನಲ್ಲಿ ಬಿಸಿಮಾಡಿದರೆ ಬನ್ ಮೆತ್ತಗೆ ಮುದ್ದೆಯಾಗದು. ಬಿಸಿ ಜೋಳದ ರೊಟ್ಟಿಯನ್ನು ಮಡಿಚಿ ನಡುವೆ ಬಿಲ್ಲೆ ಇಟ್ಟರೂ ಆದೀತು, ಮಧುಮೇಹಿಗಳಿಗೆ ನಾನು ಅದನ್ನೇ ಹೇಳುವುದು. ಮಯೋನೀಸಿನ ಬದಲು, ಹಗಲಾದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಪುದೀನ, ಜೀರಿಗೆ ಪುಡಿ. ರಾತ್ರಿ ಮೊಸರು ಆಯುರ್ವೇದದಲ್ಲಿ ನಿಷಿದ್ಧವಾದ್ದರಿಂದ ಆಗ ಪುದೀನ, ಕೊತ್ತಂಬರಿ, ಹುರಿಗಡಲೆಯ ಚಟ್ನಿ. ಸೌತೆಕಾಯಿ, ಟೊಮೇಟೊ ಬಿಲ್ಲೆಗಳನ್ನು ಧಾರಾಳವಾಗಿ ಇಡಬಹುದು.

ಮಾಡಿದೊಡನೆ ತಿನ್ನಬೇಕು. ಹಬೆಯಲ್ಲಿ ಬೆಂದ ಬಿಲ್ಲೆಗಳನ್ನು ಫ್ರಿಜ್‌ನಲ್ಲಿ ಮುಚ್ಚಿಟ್ಟು ಮರುದಿನ ಹಂಚಿಗೆ ಹಾಕಬಹುದು, ಅದಕ್ಕಿಂತ ಹೆಚ್ಚು ದಿನ ಇಡಬಾರದು.

ಆ ಬಾಲಕ ಈಗ ವಾರಕ್ಕೆರಡು ಸಂಜೆ ಮನೆಯಲ್ಲೇ ಇದನ್ನು ತಿನ್ನುತ್ತಾನೆ. ಅಂಗಡಿಗೆ ಹೋಗುವುದು ಪೂರ್ತಿ ನಿಂತಿಲ್ಲ, ತಿಂಗಳಿಗೊಮ್ಮೆ ಸ್ನೇಹಿತರೊಡನೆ ಹೋಗುತ್ತಾನಂತೆ, ನಾನು ಬೇಡವೆನ್ನಲಿಲ್ಲ. ದಿನವೂ ಒಂದು ತಾಸು ಕಬಡ್ಡಿ ಆಡಲು ಹೇಳಿದ್ದೇನೆ, ತಜ್ಞವೈದ್ಯರ ತಪಾಸಣೆಯನ್ನೂ ನಿಲ್ಲಿಸಿಲ್ಲ. ಮುಂದಿನ ಸ್ಕ್ಯಾನ್ ಯುಗಾದಿಯ ನಂತರ.