ಗಡಿಯ ಪ್ರಶ್ನೆಯಿಂದ ಹಕ್ಕಿನ ಪ್ರಶ್ನೆಗೆ: ಕಾಸರಗೋಡಿನ ಕನ್ನಡ ಹೋರಾಟದ ಇನ್ನೊಂದು ಮುಖ

ಕಾಸರಗೋಡನ್ನು ಕುರಿತ ಕನ್ನಡ ಬರವಣಿಗೆ ಬಹುಮಟ್ಟಿಗೆ ಗಡಿಯ ಪ್ರಶ್ನೆಯ ಸುತ್ತಲೇ ಬೆಳೆದಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದು, ಆ ವರದಿ ಜಾರಿಯಾಗದೆ ಉಳಿದದ್ದು ನಮಗೆಲ್ಲ ತಿಳಿದ ಸಂಗತಿಗಳೇ. 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳ ಬಾಳಿನ ಬಹುಭಾಗ ಈ ವಿಲೀನದ ಬೇಡಿಕೆಗೇ ಮುಡಿಪಾಗಿತ್ತು. ಆದರೆ ವಿಲೀನದ ಸಂಕಥನದ ನೆರಳಿನಲ್ಲಿ ಇನ್ನೊಂದು ಹೋರಾಟ ಮಸುಕಾಗಿದೆ. ಇರುವ ರಾಜ್ಯದಲ್ಲಿಯೇ ಇದ್ದು, ಆ ರಾಜ್ಯದ ಪ್ರಜೆಗಳಾಗಿಯೇ ಭಾಷಿಕ ಹಕ್ಕುಗಳನ್ನು ಕೇಳುವ ಹೋರಾಟವದು. ಪ್ರಸ್ತುತ ಲೇಖನದ ಆಸಕ್ತಿ ಇರುವುದು ಅದರಲ್ಲಿ.

ಈ ಹಕ್ಕುಗಳಿಗೆ ಶಾಸನದ ಆಧಾರ ಇಲ್ಲವೆಂದಲ್ಲ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. 350ಬಿ ವಿಧಿಯು ಭಾಷಿಕ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯೊಬ್ಬರ ನೇಮಕಕ್ಕೆ ಅವಕಾಶ ನೀಡಿದೆ. ಕೇರಳದ 1969ರ ಆಡಳಿತ ಭಾಷಾ ಕಾನೂನು, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರದೊಡನೆ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದೂ ಹೇಳಿದೆ. ಆದರೆ ವಿಶೇಷ ಅಧಿಕಾರಿಯು ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸಬಲ್ಲರೇ ಹೊರತು ರಾಜ್ಯಕ್ಕೆ ಆಜ್ಞೆ ಮಾಡಲಾರರು. ಕನ್ನಡದಲ್ಲಿ ಉತ್ತರ ಬರಬೇಕಾದರೆ ಕನ್ನಡ ಓದಬಲ್ಲ ಗುಮಾಸ್ತ ಕಚೇರಿಯಲ್ಲಿರಬೇಕು. ಅವನಿಲ್ಲದಿದ್ದರೆ ಅರ್ಜಿದಾರ ತಾನಾಗಿಯೇ ಮಲಯಾಳಂನಲ್ಲೋ ಇಂಗ್ಲಿಷಿನಲ್ಲೋ ಬರೆಸಿಕೊಂಡು ಬರುತ್ತಾನೆ. ಆಗ ಕನ್ನಡ ಅರ್ಜಿಗಳೇ ಬರುತ್ತಿಲ್ಲವೆಂಬ ದಾಖಲೆ ತಯಾರಾಗುತ್ತದೆ. ಹಕ್ಕು ಸವೆಯುವುದು ಬಹುಪಾಲು ಹೀಗೆಯೇ, ಯಾರೂ ಅದನ್ನು ಕಿತ್ತುಕೊಳ್ಳದೆ.

ನಾಗರಿಕ ಸಮಾಜದ ಪಾತ್ರ ಆರಂಭವಾಗುವುದು ಈ ಬಿರುಕಿನಲ್ಲಿ. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಪ್ರಾಥಮಿಕ ಶಾಲೆಯ ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂಬ ಸೂತ್ರವನ್ನು ಒಪ್ಪಿತ್ತು. ಆ ಸಂಖ್ಯೆಯನ್ನು ಎಣಿಸಿ, ಪಾಲಕರಿಂದ ಬರೆಸಿಕೊಂಡು, ಅಧಿಕಾರಿಗಳ ಮುಂದಿಡುವವರು ಬೇಕಲ್ಲವೆ? ಅಧ್ಯಾಪಕರ ಸಂಘಟನೆಗಳು, ಕನ್ನಡ ಸಂಘಗಳು, ಊರಿನ ವಾಚನಾಲಯಗಳು, ಯಕ್ಷಗಾನದ ಬಳಗಗಳು ಒಂದರೊಡನೊಂದು ಹೆಣೆದುಕೊಂಡಾಗ ಮಾತ್ರ ಈ ಕೆಲಸ ಸಾಧ್ಯ. ಪಾರ್ತಿಸುಬ್ಬನ ನಾಡಿನಲ್ಲಿ ಯಕ್ಷಗಾನವು ಕನ್ನಡದ ಅನೌಪಚಾರಿಕ ಶಾಲೆಯೂ ಆಗಿತ್ತೆಂಬುದನ್ನು ನಮ್ಮ ಜಾನಪದ ವಿದ್ವಾಂಸರು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕಾಗಿದೆ. 2017ರಲ್ಲಿ ಕೇರಳವು ಎಲ್ಲ ಶಾಲೆಗಳಲ್ಲಿ ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸಹೊರಟಾಗ ಕಾಸರಗೋಡಿನ ಕನ್ನಡ ಸಂಘಟನೆಗಳು ಒಟ್ಟಾಗಿ ಬೀದಿಗಿಳಿದವು. ಕನ್ನಡ ತಿಳಿಯದ ಶಿಕ್ಷಕರನ್ನು ಕನ್ನಡ ಮಾಧ್ಯಮ ಶಾಲೆಗಳಿಗೆ ನೇಮಿಸುವುದರ ವಿರುದ್ಧವೂ ಮಕ್ಕಳು, ಪಾಲಕರು ಪ್ರತಿಭಟಿಸಿದರು. 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಲನಚಿತ್ರ ಅದೇ ಅಳಲನ್ನು ಮನೆಮನೆಗೆ ಮುಟ್ಟಿಸಿತು. ನೂರು ಮನವಿಪತ್ರಗಳು ಮಾಡದ ಕೆಲಸವನ್ನು ಅದು ಮಾಡಿತೆನ್ನಬೇಕು.

ಆದರೆ ಈ ಜಾಲದೊಳಗೇ ಒಂದು ತೊಡಕಿದೆ. ಸಂವಿಧಾನ ಹೇಳುವುದು ‘ಮಾತೃಭಾಷೆ’ಯನ್ನು. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಅನೇಕ ಮಕ್ಕಳ ಮನೆಮಾತು ತುಳು, ಕೊಂಕಣಿ ಅಥವಾ ಮರಾಠಿ. ಜನಗಣತಿಯಲ್ಲಿ ಇವರು ಕನ್ನಡಿಗರಲ್ಲ. ಶಾಲೆಯ ಹಾಜರಿಪಟ್ಟಿಯಲ್ಲಿ ಕನ್ನಡದ ಮಕ್ಕಳು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರರು ತುಳುವಿನಲ್ಲಿಯೂ ಬರೆದವರು. ಕನ್ನಡವು ಇಲ್ಲಿ ರಕ್ತದ ಭಾಷೆಯಾಗಿರದೆ ಹಲವು ಮನೆಮಾತುಗಳು ಕೂಡಿ ಕಟ್ಟಿಕೊಂಡ ಅಕ್ಷರದ ಭಾಷೆಯಾಗಿದೆ. ಮನೆಮಾತಿನ ಗಣತಿಯನ್ನೇ ಹಕ್ಕಿನ ಅಳತೆಗೋಲಾಗಿಸಿದರೆ ಈ ಕೂಡುಬಾಳ್ವೆಯೇ ಕನ್ನಡದ ವಿರುದ್ಧ ಸಾಕ್ಷಿ ನುಡಿಯುತ್ತದೆ. ಹಾಗೆಂದು ತುಳುವನ್ನು ಕನ್ನಡದೊಳಗೆ ಅಡಗಿಸಿ ಎಣಿಸುವುದೂ ನ್ಯಾಯವಲ್ಲ. ಸಂಘಟನೆಗಳು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಕಡಿಮೆ.

ಇನ್ನೊಂದು ಮಾತನ್ನು, ಕೆಲವರಿಗೆ ಅಪ್ರಿಯವಾದರೂ, ಹೇಳಲೇಬೇಕು. ಕೇರಳದ 2017ರ ಕಾನೂನಿಗೆ ಎರಡು ವರ್ಷ ಮೊದಲೇ ಕರ್ನಾಟಕವು ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ನ್ನು ರೂಪಿಸಿ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಭಾಷೆಯನ್ನಾಗಿಸಿತ್ತು. ರಾಜ್ಯದ ಭಾಷೆಯನ್ನು ಅಲ್ಲಿ ಬಾಳುವ ಮಗು ಕಲಿಯಬೇಕೆಂಬ ವಾದ ಎರಡೂ ಕಡೆ ಒಂದೇ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ರಾಜ್ಯಭಾಷೆಯನ್ನು ಕಲಿಸುವುದು ಬೇರೆ, ಅಲ್ಪಸಂಖ್ಯಾತರ ಶಾಲೆಯೊಳಗೆ ಅವರ ಭಾಷೆಯ ಜಾಗವನ್ನು ಕಿರಿದುಗೊಳಿಸುವುದು ಬೇರೆ. ಈ ಗೆರೆಯನ್ನು ಕಾಸರಗೋಡಿನಲ್ಲಿ ಎಲ್ಲಿ ಎಳೆಯಬೇಕೆಂದು ನಾವು ಕೇರಳಕ್ಕೆ ಹೇಳುತ್ತೇವೆಯೋ, ಕೋಲಾರದ ತೆಲುಗು ಶಾಲೆ, ಬೆಳಗಾವಿಯ ಮರಾಠಿ ಶಾಲೆ, ಕಲಬುರಗಿಯ ಉರ್ದು ಶಾಲೆಗಳಲ್ಲಿಯೂ ಅದೇ ಗೆರೆಯನ್ನು ಎಳೆಯಬೇಕಾಗುತ್ತದೆ. ಕನ್ನಡ ವಿಭಾಗಗಳಲ್ಲಿ ಗಡಿನಾಡ ಅಧ್ಯಯನ ನಡೆದಿರುವಷ್ಟು ಈ ಶಾಲೆಗಳ ಅಧ್ಯಯನ ನಡೆದಿಲ್ಲ.