ಮುಸುರೆ ಮತ್ತು ಜಿರಲೆ

ಗೃಹಶುದ್ಧಿಯೆಂದೊಡನೆ ನಮ್ಮ ಜನರ ಕಣ್ಮುಂದೆ ನಿಲ್ಲುವುದು ಮುಂಜಾವಿನ ಅಂಗಳ, ಸಾರಣೆ, ರಂಗವಲ್ಲಿ. ಇದು ಸ್ತುತ್ಯವೇ ಸರಿ. ಆದರೆ ಜಿರಲೆಯು ನಿಶಾಚರ ಜೀವಿ. ಮನೆಮಂದಿ ಮಲಗಿದ ಮೇಲೆ ಅದರ ಸಂಚಾರ. ಆದುದರಿಂದ ಅಡುಗೆಮನೆಯ ಮಟ್ಟಿಗೆ ಬೆಳಗಿನ ಶುದ್ಧಿಗಿಂತ ರಾತ್ರಿಯ ಶುದ್ಧಿಯೇ ಮುಖ್ಯವೆಂಬುದನ್ನು ಗೃಹಸ್ಥರು ಮನಗಾಣಬೇಕು.

ಉಂಡ ತಟ್ಟೆ, ಅನ್ನ ಹತ್ತಿದ ಪಾತ್ರೆಗಳಿಗೆ ಕನ್ನಡದಲ್ಲಿ ‘ಮುಸುರೆ’ ಎಂಬ ಪ್ರತ್ಯೇಕ ಪದವೇ ಉಂಟು. ಮುಸುರೆಯನ್ನು ಬೆಳಗಿನವರೆಗೆ ನೆನೆಯಿಟ್ಟರೆ ಜಿರಲೆಗೆ ಅನ್ನವೂ ನೀರೂ ಒಂದೆಡೆ ದೊರೆತಂತೆ. ಇವೆರಡರಲ್ಲಿ ಅದಕ್ಕೆ ನೀರೇ ಹಿರಿದು. ಅಡುಗೆಮನೆಯ ಸಣ್ಣ ಕಂದು ಜಿರಲೆಯು ನೀರು ಸಿಕ್ಕರೆ ಆಹಾರವಿಲ್ಲದೆ ಸುಮಾರು 1 ತಿಂಗಳು ಬದುಕಬಲ್ಲದು. ನೀರಿಲ್ಲದಿದ್ದರೆ 2 ವಾರ ಕಳೆಯುವುದೂ ಕಷ್ಟ. ಪಾತ್ರೆ ತೊಳೆದರಷ್ಟೇ ಸಾಲದು. ತೊಳೆದ ಸ್ಥಳವನ್ನು ಒಣಬಟ್ಟೆಯಿಂದ ಒರಸಬೇಕು, ತೊಟ್ಟಿಕ್ಕುವ ನಲ್ಲಿಯನ್ನು ಸರಿಪಡಿಸಬೇಕು.

ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದೆಂಬ ರೂಢಿ ಹಲವು ಮನೆಗಳಲ್ಲಿದೆ. ಮಂದ ಬೆಳಕಿನಲ್ಲಿ ಬೆಲೆಯುಳ್ಳ ವಸ್ತುವೂ ಕಸದೊಡನೆ ಹೋದೀತೆಂಬ ಎಚ್ಚರ ಅದರ ಹಿಂದಿರಬಹುದು. ವಿದ್ಯುದ್ದೀಪದಡಿ ಆ ಭಯವೆಲ್ಲಿ? ಪೊರಕೆ ಹಿಡಿಯಲು ಮನಸ್ಸೊಪ್ಪದವರು ಚೆಲ್ಲಿದ ಅಗುಳನ್ನಾದರೂ ಬಟ್ಟೆಯಿಂದ ಒರಸಿ ತೆಗೆಯಲಿ.

ಔಷಧ ಸಿಂಪಡಿಸಿ ನಿಶ್ಚಿಂತರಾಗುವವರೇ ಹೆಚ್ಚು. ಹೆಣ್ಣು ಕಂದು ಜಿರಲೆಯು 30-40 ತತ್ತಿಗಳ ಕೋಶವನ್ನು ಹೊತ್ತೇ ತಿರುಗುತ್ತದೆ; ಹಲವು ಔಷಧಗಳನ್ನು ತಾಳಿಕೊಳ್ಳುವ ಶಕ್ತಿ ಅದರ ಸಂತತಿಗೆ ಬಂದಿದೆ. ಸತ್ತ ಮೇಲೂ ಕಾಟ ಮುಗಿಯದು. ಅದರ ಹಿಕ್ಕೆ, ಕಳಚಿದ ಪೊರೆಗಳು ಧೂಳಿನಲ್ಲಿ ಬೆರೆತು ಉಸಿರಿನೊಡನೆ ಒಳಸೇರಿ ಮಕ್ಕಳ ಉಬ್ಬಸವನ್ನು ಕೆರಳಿಸುತ್ತವೆ. ಕಪಾಟಿನ ಹಿಂಬದಿ, ಒಲೆಯ ಅಡಿಭಾಗಗಳನ್ನು ಒಣ ಪೊರಕೆಯಿಂದ ಬಡಿದು ಧೂಳೆಬ್ಬಿಸದೆ ಒದ್ದೆಬಟ್ಟೆಯಿಂದಲೇ ಒರಸುವುದು ಇದೇ ಕಾರಣಕ್ಕೆ.