ಹೇನು ಹತ್ತಿದ್ದಕ್ಕೆ ನಾಚಬೇಡ ಯವ್ವಾ

ಮಗಳ ತಲೆಯಲ್ಲಿ ಹೇನು ಕಂಡಿತೆಂದು ಫೋನಿನಲ್ಲಿ ದನಿ ತಗ್ಗಿಸಿ ಹೇಳಿದೆಯಲ್ಲ, ಮೊದಲು ಆ ಅಂಜಿಕೆ ಬಿಡು ಯವ್ವಾ. ಹೇನು ಕೊಳೆಯಿಂದ ಹುಟ್ಟುವುದಿಲ್ಲ. ದಿನಾ ತೊಳೆದ ತಲೆಗೂ ಹತ್ತುತ್ತದೆ, ತೊಳೆಯದ ತಲೆಗೂ ಹತ್ತುತ್ತದೆ. ಅದಕ್ಕೆ ಬೇಕಿರುವುದು ಮನುಷ್ಯರ ನೆತ್ತಿಯ ರಕ್ತ, ಅಷ್ಟೇ. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ, ನಾಯಿ ಬೆಕ್ಕಿನಿಂದ ಬರುವುದೂ ಇಲ್ಲ. ಒಂದು ತಲೆ ಇನ್ನೊಂದಕ್ಕೆ ತಾಗಿದಾಗ ಕೂದಲಿಂದ ಕೂದಲಿಗೆ ತೆವಳಿ ದಾಟುತ್ತದೆ.

ನಮ್ಮ ಮುದಗಲ್ಲಿನಲ್ಲಿ ತಲೆಗೆ ತಲೆ ತಾಗದ ದಿನ ಯಾವುದಿದೆ ಹೇಳು? ಮೊಹರಂ ಬಂದರೆ ಬೆಂಗಳೂರಿಗೆ ದುಡಿಯಲು ಹೋದವರೆಲ್ಲ ಊರಿಗೆ ಮರಳುತ್ತಾರೆ. ಪಡಸಾಲೆಯಲ್ಲಿ ಕೌದಿ ಹಾಸಿ ಅಕ್ಕತಂಗಿಯರ ಮಕ್ಕಳನ್ನೆಲ್ಲ ಒಟ್ಟಿಗೆ ಮಲಗಿಸುತ್ತೇವೆ. ಸಿಂಧನೂರು ಕಡೆ ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು ಟಂಟಂನಲ್ಲಿ ಒತ್ತಿಕೊಂಡು ಕೂರುತ್ತಾರೆ. ಹಾಸ್ಟೆಲ್ಲಿನ ಹುಡುಗಿಯರು ಒಂದೇ ಮೊಬೈಲಿನ ಮೇಲೆ ನಾಲ್ಕು ತಲೆ ಬಗ್ಗಿಸುತ್ತಾರೆ. ಇದನ್ನೆಲ್ಲ ಬಿಡಿಸು ಎಂದು ನಾನು ಹೇಳಲಾರೆ, ಅದು ನಮ್ಮ ಬಾಳೇ ಅಲ್ಲವೇ. ಶಾಲೆಗೆ ಕಳಿಸುವಾಗ ಬಿಗಿಯಾಗಿ ಜಡೆ ಹೆಣೆ, ಬಾಚಣಿಗೆ ಅವಳದೇ ಇರಲಿ. ಉಳಿದದ್ದೆಲ್ಲ ವಾರಕ್ಕೊಮ್ಮೆ ನೀನು ಅವಳ ತಲೆ ನೋಡುವುದರಲ್ಲಿದೆ. ತುರಿಕೆ ಬರಲಿ, ಆಮೇಲೆ ನೋಡೋಣ ಎನ್ನಬೇಡ. ಮೊದಲ ಸಲ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರವೂ ಹಿಡಿದೀತು. ಅಷ್ಟರೊಳಗೆ ಅದು ಮನೆಯವರಿಗೆಲ್ಲ ಹರಡಿರುತ್ತದೆ.

ಸೀರಣಿಗೆ ಮನೆಯಲ್ಲಿರಲಿ. ಅದನ್ನು ಹಳೇ ಕಾಲದ್ದೆಂದು ಮೂಲೆಗೆ ಹಾಕಬೇಡ. ಇಸ್ರೇಲಿನ ಲಾಕೀಶ್ ಎಂಬಲ್ಲಿ ಸುಮಾರು 3,700 ವರ್ಷ ಹಿಂದಿನ ಆನೆದಂತದ ಬಾಚಣಿಗೆ ಸಿಕ್ಕಿದೆ. ಒಂದು ಬದಿಗೆ ದಪ್ಪ ಹಲ್ಲು, ಇನ್ನೊಂದು ಬದಿಗೆ ಸಣ್ಣ ಹಲ್ಲು. ತಲೆ ಮತ್ತು ಗಡ್ಡದ ಹೇನು ತೊಲಗಲಿ ಎಂಬ ಹಾರೈಕೆಯನ್ನು ಅದರ ಮೇಲೆ ಕೊರೆದಿರುವುದನ್ನು 2022ರಲ್ಲಿ ಓದಿ ತಿಳಿಸಿದರು. ಕೂದಲು ಒದ್ದೆ ಮಾಡಿ, ಕೊಬ್ಬರಿ ಎಣ್ಣೆ ಹಚ್ಚಿ, ಬೆಳಕಿರುವ ಕಡೆ ಕೂರಿಸಿಕೊಂಡು ಕಿವಿಯ ಹಿಂದೆ, ಹೆಡಕಿನ ಮೇಲೆ ಬುಡದಿಂದ ತುದಿಯವರೆಗೆ ಎಳೆ. ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಯಲ್ಲಿ ಒರೆಸು. ಎರಡು ವಾರ, ಮೂರು ದಿನಕ್ಕೊಮ್ಮೆ ಹೀಗೆ ಮಾಡು.

ಔಷಧ ಬೇಕೆನಿಸಿದರೆ ಶೇ 1ರ ಪರ್ಮೆಥ್ರಿನ್ ಅಂಗಡಿಯಲ್ಲಿ ಸಿಗುತ್ತದೆ. ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ತೀರ ಎಳೆಗೂಸಿಗೆ ಮಾತ್ರ ಡಾಕ್ಟರನ್ನು ಕೇಳದೆ ಹಚ್ಚಬೇಡ. ಒಂದು ಸಲಕ್ಕೆ ನಿಲ್ಲಿಸುವುದರಿಂದಲೇ ನಮ್ಮವರ ಹೇನು ಹೋಗುವುದಿಲ್ಲ. ಆ ಔಷಧ ಹೇನನ್ನು ಕೊಂದರೂ ಸೀರನ್ನು ಕೊಲ್ಲದು. ಸೀರು ಒಡೆಯಲು 7ರಿಂದ 9 ದಿನ ಬೇಕು. ಹೊಸ ಮರಿ ಬೆಳೆದು ಮತ್ತೆ ಸೀರು ಇಡುವ ಮೊದಲೇ, ಒಂಬತ್ತನೇ ದಿನ, ಎರಡನೇ ಸಲ ಹಚ್ಚಬೇಕು.

ಇನ್ನೊಂದು ಮಾತನ್ನು ಕೈ ಹಿಡಿದು ಹೇಳುತ್ತೇನೆ. ಹತ್ತಿಗೆ, ತೊಗರಿಗೆ ಹೊಡೆಯುವ ಎಣ್ಣೆ ಮನೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಹುಳ ಕೊಲ್ಲುವುದು ಹೇನನ್ನೂ ಕೊಂದೀತು ಎಂದು ಯಾರೇ ಹೇಳಲಿ, ಅದರ ಒಂದು ಹನಿಯನ್ನೂ ಕೂಸಿನ ತಲೆಗೆ ಹಚ್ಚಬೇಡ. ಆ ವಿಷ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ನೆತ್ತಿ ಕೆರೆದು ಗಾಯವಾಗಿದ್ದರೆ ಇನ್ನೂ ಬೇಗ. ಕೂಸು ವಾಂತಿ ಮಾಡಿ, ಜೊಲ್ಲು ಸುರಿಸಿ, ಉಸಿರಿಗೆ ಒದ್ದಾಡಿ ಜೀವ ಬಿಡಬಹುದು. ಚಿಮಣಿ ಎಣ್ಣೆಯೂ ಬೇಡ. ಅದು ಚರ್ಮ ಸುಡುತ್ತದೆ, ಒಲೆಯ ಹತ್ತಿರ ಹೋದರೆ ಕೂದಲಿಗೆ ಬೆಂಕಿ ಹತ್ತುತ್ತದೆ. ತಲೆಹೇನು ಯಾವ ರೋಗವನ್ನೂ ಹರಡುವುದಿಲ್ಲ. ಕೆರೆದ ಗಾಯ ಕೀವಾದರೆ ದವಾಖಾನೆಗೆ ತೋರಿಸಿದರಾಯಿತು. ಇಷ್ಟಕ್ಕಾಗಿ ಮಗಳ ಜೀವ ಪಣಕ್ಕಿಡುವುದೇ?

ಅವಳ ಜಡೆಯನ್ನೂ ಬೋಳಿಸಬೇಡ, ಶಾಲೆಯನ್ನೂ ಬಿಡಿಸಬೇಡ. ತಲೆ ಬಿಟ್ಟು ಕೆಳಗೆ ಬಿದ್ದ ಹೇನು ಎರಡು ದಿನಕ್ಕಿಂತ ಹೆಚ್ಚು ಬದುಕುವುದು ಕಷ್ಟ. ಹಾಗಾಗಿ ದಿಂಬಿನ ಚೀಲ, ಟವೆಲ್ಲು, ಕೌದಿ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು, ಮನೆಗೆಲ್ಲ ಔಷಧ ಸಿಂಪಡಿಸುವುದು ಬೇಡ.

ಇವತ್ತೇ ಅವಳ ಗೆಳತಿಯರ ತಾಯಂದಿರಿಗೆ ತಿಳಿಸು. ಮುಚ್ಚಿಟ್ಟರೆ ನಿನ್ನ ಮನೆಯಲ್ಲಿ ಹೋದದ್ದು ಅವರ ಮನೆಯಿಂದ ತಿರುಗಿ ಬರುತ್ತದೆ. ಭಾನುವಾರ ಓಣಿಯವರೆಲ್ಲ ಮನೆಮನೆಯ ತಲೆ ನೋಡಿ, ಹೇನು ಕಂಡವರಿಗೆ ಒಂದೇ ದಿನ ಹಚ್ಚಿ. ಎರಡನೇ ಸಲದ್ದು ಮುಂದಿನ ವಾರದ ಮಂಗಳವಾರಕ್ಕೆ ಬರುತ್ತದೆ; ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೋ.